ಬಿಸ್ಕತ್ತು ಕಂಪನಿಯವರು ಶಾಲೆಯಲ್ಲಿ ‘ಪೌಷ್ಟಿಕ ಆಹಾರ’ದ ಪಾಠ ಮಾಡುತ್ತೇವೆ ಅಂದರೆ ಒಪ್ಪಬಹುದೇ? (ಕುಷ್ಟಗಿ, ಕೊಪ್ಪಳ ಜಿಲ್ಲೆ)

ಒಪ್ಪಬೇಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ, ಪ್ರಚಾರವನ್ನೂ ಮಾಡುವಂತಿಲ್ಲ. ಕಂಪನಿಯ ಪಾಠದಲ್ಲಿ ಸುಳ್ಳೇ ಇರಬೇಕೆಂದಿಲ್ಲ. ವ್ಯಾಯಾಮ, ವಿಟಮಿನ್ ಎಲ್ಲ ಬಂದು ಸಕ್ಕರೆಯ ಮಾತಷ್ಟೇ ಬಿಟ್ಟುಹೋಗಬಹುದು. ಅವರು ಕೊಟ್ಟ ಲೋಗೊ ಇರುವ ವೇಳಾಪಟ್ಟಿ ಮಾತ್ರ ವರ್ಷವಿಡೀ ಗೋಡೆ ಮೇಲಿರುತ್ತದೆ. ಹಾಗಾಗಿ ಉಚಿತ ಸಾಮಗ್ರಿಯೂ ಬೇಡವೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಬರೆಸಿ.

ಪಾಠ ಶಿಕ್ಷಕರೇ ಮಾಡಲಿ. ಖಾಲಿ ಪೊಟ್ಟಣ ತರಿಸಿ, ಹಿಂಬದಿ ಓದಿಸಿ. 100 ಗ್ರಾಂಗೆ 25 ಗ್ರಾಂ ಸಕ್ಕರೆ ಎಂದಿದ್ದರೆ 60 ಗ್ರಾಂ ಪೊಟ್ಟಣದಲ್ಲಿ 15 ಗ್ರಾಂ, ಹೆಚ್ಚುಕಡಿಮೆ ನಾಲ್ಕು ಟೀ ಚಮಚ. ಅಷ್ಟು ಸಕ್ಕರೆಯನ್ನು ಕಾಗದದ ಮೇಲೆ ಸುರಿದು, ಪಕ್ಕದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಡಿ. ಪೊಟ್ಟಣದ ಹೆಸರಿನ ಮೇಲೆ ಮೊದಲೇ ಕಾಗದ ಅಂಟಿಸಿ, ಇಲ್ಲದಿದ್ದರೆ ಅದೂ ಜಾಹೀರಾತೇ ಆಗುತ್ತದೆ.