ಹಸು ಯಾರದ್ದು, ಹಾಲು ಎಲ್ಲಿಗೆ? ನಿಮ್ಮ ಬಿಟ್‌ಕಾಯಿನ್ ಲೇಖನಕ್ಕೆ ಉತ್ತರ

ನಮಸ್ಕಾರ.

‘ಯಾರ ಹಿಡಿತಕ್ಕೂ ಸಿಗದ ಹಣ’ ಅಂತ ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ಹಣದ ಬಗ್ಗೆ ನೀವು ಕಳಿಸಿದ ಎಂಟು ಪುಟದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಬಿಟ್‌ಕಾಯಿನ್ ಗಳಿಸಲು ಹಲವರು ಯಂತ್ರಗಳನ್ನು ಒಟ್ಟುಗೂಡಿಸುವ ಮೈನಿಂಗ್ ಪೂಲ್‌ಗಳ ಬಗ್ಗೆ ಕನ್ನಡದಲ್ಲಿ ಬಿಡಿಸಿ ಬರೆದವರು ಕಡಿಮೆ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ಬಳ್ಳಾರಿಯ ಕೆಂಪು ಧೂಳು ತೆಗೆದುಬಿಡಿ. ಮೈನಿಂಗ್ ಅಂದ ಕೂಡಲೇ ಗಣಿ, ಲಾರಿ ನೆನಪಾಗುವುದು ಸಹಜ. ಆದರೆ ಒಂದೂವರೆ ಪುಟ ಅದರಲ್ಲೇ ಹೋಗಿದೆ. ಇಲ್ಲಿ ಯಾರೂ ನೆಲ ಅಗೆಯುವುದಿಲ್ಲ. ಯಂತ್ರಗಳು ಒಂದು ಸಂಖ್ಯೆಗಾಗಿ ಊಹೆಯ ಮೇಲೆ ಊಹೆ ಮಾಡುತ್ತಾ ಹೋಗುತ್ತವೆ. ಅದು ಯಾರಿಗೆ ಮೊದಲು ಸಿಗುತ್ತದೋ ಅವರು ಮುಂದಿನ ಬ್ಲಾಕ್, ಅಂದರೆ ವಹಿವಾಟುಗಳ ಒಂದು ಕಂತೆ, ಸೇರಿಸಿ ಬಹುಮಾನ ಪಡೆಯುತ್ತಾರೆ. ಲಾಟರಿಗೆ ಹತ್ತಿರದ ಕೆಲಸ.

ಪೂಲ್ ಯಾಕೆ ಹುಟ್ಟಿತು ಅನ್ನುವುದಕ್ಕೆ ‘ಲಾಭಕ್ಕಾಗಿ ಒಗ್ಗೂಡಿದರು’ ಅಂತ ಒಂದೇ ಸಾಲು ಬರೆದಿದ್ದೀರಿ. ಲೆಕ್ಕ ತೋರಿಸಿ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ವರ್ಷಕ್ಕೆ 52,560. ಜಾಲದ ಒಟ್ಟು ಊಹಿಸುವ ಶಕ್ತಿಯಲ್ಲಿ ನಿಮ್ಮ ಪಾಲು ಹತ್ತು ಲಕ್ಷದಲ್ಲೊಂದು ಅಂತಿಟ್ಟುಕೊಳ್ಳಿ. ಒಂದು ಬ್ಲಾಕ್ ಸಿಗಲು ಸರಾಸರಿ 19 ವರ್ಷ ಕಾಯಬೇಕು. ಬಹುಮಾನವೋ, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಕರೆಂಟ್ ಬಿಲ್ ಮಾತ್ರ ತಿಂಗಳು ತಿಂಗಳು ಬರುತ್ತದೆ. ಚೆಕ್ ದೇಶದ ಮಾರೆಕ್ ಪಲಾಟಿನಸ್ 2010ರ ಕೊನೆಯಲ್ಲಿ ಸ್ಲಷ್ ಪೂಲ್ ಶುರುಮಾಡಿದ್ದು ಈ ಕಾಯುವಿಕೆ ತಪ್ಪಿಸುವುದಕ್ಕೆ. ಎಲ್ಲರೂ ಸೇರಿ ಊಹಿಸುವುದು, ಸಿಕ್ಕಿದ್ದನ್ನು ದುಡಿದಷ್ಟು ಹಂಚಿಕೊಳ್ಳುವುದು.

ಹೋಲಿಕೆ ಬೇಕಿದ್ದರೆ ಅದು ನಿಮ್ಮ ಮನೆಯಲ್ಲೇ ಇದೆ. ಅಪ್ಪ ದಿನಾ ಡೈರಿಗೆ ಹಾಲು ಹಾಕುತ್ತಾರೆ ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ. ಅಲ್ಲಿ ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಪುಸ್ತಕದಲ್ಲಿ ಬರೆದುಕೊಡುತ್ತಾರೆ, ಆಮೇಲೆ ಬಟವಾಡೆ. ಪೂಲ್‌ಗೆ ಯಂತ್ರಗಳು ಕಳಿಸುವುದು ಶೇರ್. ಸಾಮಾನ್ಯವಾಗಿ ಬ್ಲಾಕ್ ಆಗುವಷ್ಟು ಒಳ್ಳೆಯ ಉತ್ತರ ಅದಲ್ಲ, ಆದರೆ ದುಡಿದದ್ದಕ್ಕೆ ಸಾಕ್ಷಿ. ಶೇರ್ ಎಣಿಸಿ ದುಡ್ಡು ಕೊಡುತ್ತಾರೆ. ಹಸು ಅಪ್ಪನದ್ದೇ. ಆದರೆ ಡೈರಿಗೆ ಸುರಿದ ಮೇಲೆ ಹಾಲು ಎಲ್ಲಿಗೆ ಹೋಗಬೇಕು ಅಂತ ಅಪ್ಪ ಹೇಳುವ ಹಾಗಿಲ್ಲ, ಅಲ್ವಾ?

ನಿಮ್ಮ ಲೇಖನ ಜಾರಿದ್ದು ಇಲ್ಲೇ. ಮೊದಲ ಪುಟದಲ್ಲಿ ‘ಯಾರ ಹಿಡಿತವೂ ಇಲ್ಲ’ ಅನ್ನುತ್ತೀರಿ. ಆರನೇ ಪುಟಕ್ಕೆ ಬಂದರೆ ‘ಎರಡು ಮೂರು ಪೂಲ್‌ಗಳು ಇಡೀ ಜಾಲದ ಒಡೆಯರು’. ಎರಡನ್ನೂ ಜೋರಾಗಿ ಹೇಳಿದ್ದೀರಿ, ಒಂದಕ್ಕೊಂದು ಮುಖಾಮುಖಿ ಮಾಡಿಸಿಲ್ಲ. ಯಂತ್ರಗಳು ಹೆಚ್ಚಾಗಿ ಬೇರೆಯವರದ್ದು. ಆದರೆ ಬ್ಲಾಕಿನೊಳಗೆ ಯಾರ ವಹಿವಾಟು ಸೇರಬೇಕು, ಯಾರದ್ದು ಬೇಡ ಅನ್ನುವ ಟೆಂಪ್ಲೇಟ್ ತಯಾರಿಸುವುದು ಸಾಮಾನ್ಯವಾಗಿ ಪೂಲ್. ನೀವು ಬರೆಯಬೇಕಾದ ಲೇಖನ ಇದೇ.

2014ರಿಂದಲೇ ಶುರುಮಾಡಿ. ನೀವು ಆ ವರ್ಷದ ಕಥೆಯನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ, ನನಗೆ ತುಂಬ ಬೇಜಾರಾದದ್ದು ಅಲ್ಲಿ. ಜನವರಿಯಲ್ಲೇ ಜಿಹ್ಯಾಶ್ ಡಾಟ್ ಐಒ ಅನ್ನುವ ಪೂಲ್ ಜಾಲದ ಶಕ್ತಿಯ 40 ಶೇಕಡಾ ದಾಟಿತ್ತು. ಅರ್ಧ ಮೀರಿದವರು ಕೊಟ್ಟ ಹಣವನ್ನೇ ಹಿಂದೆಳೆಯಬಹುದು ಅನ್ನುವ ಭಯ ಇತ್ತು. 51ಕ್ಕೆ ಹೋಗಲು ಬಿಡುವುದಿಲ್ಲ ಅಂತ ಮಾತು ಕೊಟ್ಟಿತು. ಜೂನ್‌ನಲ್ಲಿ ಸ್ವಲ್ಪ ಹೊತ್ತು ಅರ್ಧ ದಾಟಿಯೇಬಿಟ್ಟಿತು. ಶುಲ್ಕ ಇಲ್ಲದ ಪೂಲ್ ಅದು, ‘ನಾನೊಬ್ಬ ಬಿಟ್ಟರೆ ಏನಾಗುತ್ತೆ’ ಅಂತ ಜನ ಅಲ್ಲೇ ಇದ್ದಿರಬೇಕು. ಗಲಾಟೆ ಎದ್ದ ಮೇಲೆ ಹಲವರು ಬಿಟ್ಟರು. ಬಿಡುವುದು ಕಷ್ಟವಲ್ಲ, ಯಂತ್ರದ ಸೆಟ್ಟಿಂಗ್‌ನಲ್ಲಿ ಒಂದು ಸಾಲಿನ ವಿಳಾಸ ಬದಲಿಸಿದರೆ ಆಯಿತು. ಜುಲೈನಲ್ಲಿ ಆ ಪೂಲ್ 39.99 ಶೇಕಡಾ ಮೀರುವುದಿಲ್ಲ ಅಂತ ಹೇಳಿತು. ಆ ಒಂದು ಸಾಲಿನ ವಿಳಾಸವನ್ನು ಓದುಗರ ಕಣ್ಣಿಗೆ ಕಾಣಿಸಿ. ಮೈನರ್‌ಗಳ, ಅಂದರೆ ಯಂತ್ರ ನಡೆಸುವವರ, ಕೈಯಲ್ಲಿ ಉಳಿದಿರುವ ಶಕ್ತಿ ಅದೇ.

‘51’ ನಿಮ್ಮ ಲೇಖನದಲ್ಲಿ ಹದಿನಾಲ್ಕು ಸಲ ಬಂದಿದೆ, ಅದರ ಈಚೆಗೆ ಎಲ್ಲ ಕ್ಷೇಮ ಅನ್ನುವ ಹಾಗೆ. ಬಿಟ್‌ಕಾಯಿನ್ ಕಲ್ಪನೆ ಕೊಟ್ಟ ಸತೋಶಿ ನಕಮೊಟೊ 2008ರ ಪ್ರಬಂಧದ ಕೊನೆಗೆ ಕೊಟ್ಟ ಲೆಕ್ಕ ನೋಡಿ. ಒಂದು ವಹಿವಾಟಿನ ಮೇಲೆ ಐದು ಬ್ಲಾಕ್ ಸೇರಿದ ಮೇಲೂ, 10 ಶೇಕಡಾ ಶಕ್ತಿ ಇರುವ ದಾಳಿಕೋರ ಸರಿಗಟ್ಟಿ ಅದನ್ನು ಅಳಿಸುವ ಸಾಧ್ಯತೆ 0.09 ಶೇಕಡಾ. ಅವನ ಶಕ್ತಿ 30 ಶೇಕಡಾ ಇದ್ದರೆ ಅದೇ ಸಾಧ್ಯತೆ 17.7ಕ್ಕೆ ಏರುತ್ತದೆ. ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಈ ಎರಡು ಅಂಕಿ ಹಾಕಿ, ಹದಿನಾಲ್ಕರಲ್ಲಿ ಹನ್ನೆರಡು ‘51’ ತೆಗೆಯಿರಿ.

ಎರಡು ತಪ್ಪು ಖಂಡಿತ ತಿದ್ದಬೇಕು. ಒಂದು, ಅರ್ಧಕ್ಕಿಂತ ಜಾಸ್ತಿ ಶಕ್ತಿ ಇದ್ದವರು ಬೇರೆಯವರ ನಾಣ್ಯ ಕದಿಯಬಹುದು ಅಂದಿದ್ದೀರಿ. ಕದಿಯಲಾರರು, ಅದಕ್ಕೆ ಖಾಸಗಿ ಕೀ, ಅಂದರೆ ನಾಣ್ಯದ ಒಡೆಯರ ಬಳಿ ಇರುವ ಗುಟ್ಟಿನ ಸಂಖ್ಯೆ ಬೇಕು. ತಾವು ಕೊಟ್ಟ ಹಣವನ್ನೇ ಹಿಂದೆಳೆದು ಮತ್ತೆ ಖರ್ಚು ಮಾಡಬಹುದು, ಬೇಡದವರ ವಹಿವಾಟು ತಡೆಹಿಡಿಯಬಹುದು. ಇನ್ನೊಂದು, 2020ರ ಆಗಸ್ಟ್‌ನಲ್ಲಿ ಇಥೀರಿಯಂ ಕ್ಲಾಸಿಕ್ ಅನ್ನುವ ಬೇರೊಂದು ಡಿಜಿಟಲ್ ಹಣದ ಜಾಲದ ಮೇಲಾದ ದಾಳಿಗಳು ಪೂಲ್‌ಗಳ ಕೆಲಸ ಅಂತ ಬರೆದಿದ್ದೀರಿ. ಅಲ್ಲಿ ಬಳಕೆಯಾದದ್ದು ಬಾಡಿಗೆಗೆ ತಂದ ಶಕ್ತಿ. ಚಿಕ್ಕ ಜಾಲಕ್ಕೆ ಬಾಡಿಗೆ ಯಂತ್ರವೇ ಸಾಕಾಗುತ್ತದೆ. ಅದು ಬೇರೆ ಲೇಖನ.

ಪೂಲ್‌ಗಳ ಪಾಲು ತೋರಿಸಲು ನೀವು ಲಗತ್ತಿಸಿದ ಪೈ ಚಾರ್ಟ್ ಚಿತ್ರವನ್ನು ನಾನು ನಂಬುವುದಿಲ್ಲ. ಬೇರೆ ಬೇರೆ ಹೆಸರಿನ ಹಲವು ಪೂಲ್‌ಗಳು ಹೆಚ್ಚುಕಡಿಮೆ ಒಂದೇ ಟೆಂಪ್ಲೇಟ್ ಬಳಸುತ್ತಿವೆ ಅಂತ 2024ರಲ್ಲಿ ಜಾಲವನ್ನು ಗಮನಿಸುವವರು ತೋರಿಸಿಕೊಟ್ಟರು. ಬಣ್ಣ ಹತ್ತು, ತೀರ್ಮಾನ ಮಾಡುವವರು ಅದಕ್ಕಿಂತ ಕಡಿಮೆ. ಚಿತ್ರ ಬಿಟ್ಟು ಈ ಮಾತು ಬರೆಯಿರಿ.

ಕೊನೆಯ ಪುಟದ ಪ್ರಜಾಪ್ರಭುತ್ವದ ಭಾಷಣ ಬೇಡ. ಆ ಜಾಗದಲ್ಲಿ ಸ್ಟ್ರಾಟಮ್ ವಿ2 ಬರಲಿ, ಅಂದರೆ ಪೂಲ್ ಮತ್ತು ಯಂತ್ರಗಳು ಮಾತಾಡಿಕೊಳ್ಳುವ ಹೊಸ ನಿಯಮಾವಳಿ. ಪೂಲ್‌ನಲ್ಲಿದ್ದುಕೊಂಡೇ ತನ್ನ ಬ್ಲಾಕಿಗೆ ವಹಿವಾಟುಗಳನ್ನು ಮೈನರ್ ತಾನೇ ಆರಿಸಿಕೊಳ್ಳಲು ಅದರಲ್ಲಿ ದಾರಿ ಇದೆ. ಆ ದಾರಿ ಹಿಡಿಯಲು ಪೂಲ್‌ಗಳೂ ಒಪ್ಪಬೇಕು, ಮೈನರ್‌ಗಳೂ ತಮ್ಮದೇ ನೋಡ್, ಅಂದರೆ ವಹಿವಾಟುಗಳನ್ನು ತಾವೇ ಪರೀಕ್ಷಿಸುವ ಕಂಪ್ಯೂಟರ್, ನಡೆಸುವ ತೊಂದರೆ ತೆಗೆದುಕೊಳ್ಳಬೇಕು. ಎಷ್ಟು ಜನ ತೆಗೆದುಕೊಳ್ಳುತ್ತಾರೆ ಅಂತ ಕೇಳಿ ನಿಲ್ಲಿಸಿ.

ಎಂಟು ಪುಟ ನಾಲ್ಕಾಗಲಿ. ಬರೆದಾದ ಮೇಲೆ ಅಪ್ಪನಿಗೊಮ್ಮೆ ಓದಿ ಹೇಳಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆ ಗುರುತುಗಳ ಸಮೇತ ನನಗೆ ಕಳಿಸಿ.