ಮೆದುಳಿಗೊಂದು ತಂತಿ: ನಡುಕದ ಕಾಯಿಲೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಂದೆಗೆ 63 ವರ್ಷ, ಪಾರ್ಕಿನ್ಸನ್ ಶುರುವಾಗಿ 9 ವರ್ಷ. ಮಾತ್ರೆ ತೆಗೆದುಕೊಂಡ ಎರಡೂವರೆ ಗಂಟೆಗೇ ಮೈ ಮತ್ತೆ ಬಿಗಿಯುತ್ತದೆ. ಮಾತ್ರೆ ಜೋರಾಗಿ ಹಿಡಿದಾಗ ಕೈಕಾಲು ತಮ್ಮಷ್ಟಕ್ಕೆ ಹೊರಳಾಡುತ್ತವೆ. ಡಿಬಿಎಸ್ ಮಾಡಿಸಿ ಎಂದಿದ್ದಾರೆ. ಪೂರ್ತಿ ವಾಸಿಯಾಗುತ್ತದೆಯೇ?
– ದಾವಣಗೆರೆಯ ಓದುಗರು

ಉತ್ತರ: ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಶನ್) ಎಂದರೆ ಮೆದುಳಿನ ಆಳಕ್ಕೆ ತೆಳು ತಂತಿ ಇಳಿಸಿ, ಎದೆಯ ಚರ್ಮದಡಿ ಇಟ್ಟ ಬ್ಯಾಟರಿಯಿಂದ ಸಣ್ಣಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ. ಇಲ್ಲ, ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ನೀವು ಬರೆದ ಎರಡೂ ತೊಂದರೆಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪ ಮಾತ್ರೆ ಚೆನ್ನಾಗಿ ಹಿಡಿದ ಹೊತ್ತಿನಲ್ಲಿ ತಂದೆಯವರು ಹೇಗಿರುತ್ತಾರೋ, ಆಪರೇಷನ್ ಆದಮೇಲೆ ದಿನದ ಹೆಚ್ಚು ಹೊತ್ತು ಹಾಗಿರುತ್ತಾರೆ. ಅದಕ್ಕಿಂತ ಮೇಲಕ್ಕೆ ಹೋಗುವುದಿಲ್ಲ. ಮಾತ್ರೆಗೆ ಬಗ್ಗದ ನಡುಕವೊಂದೇ ಇದಕ್ಕೆ ಹೊರತು. ಅದು ಡಿಬಿಎಸ್‌ಗೆ ಬಗ್ಗುವುದುಂಟು. ಮಾತ್ರೆ ಹಿಡಿದಾಗಲೂ ಆಯ ತಪ್ಪಿ ಬೀಳುತ್ತಿದ್ದರೆ, ದನಿ ಉಡುಗಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಮರೆವು ಹೆಚ್ಚಿದ್ದರೆ ತಂತಿ ಇಟ್ಟರೂ ಅವು ಸರಿಯಾಗುವುದಿಲ್ಲ. ಮಾತು ಕೆಲವರಲ್ಲಿ ಇನ್ನಷ್ಟು ಕೆಡುತ್ತದೆ.

ಹಾಗಾಗಿ ಲೆವೊಡೋಪ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಸುಮಾರು 12 ಗಂಟೆ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ನಡಿಗೆ, ಬೆರಳು ತಟ್ಟುವುದು, ಕೈಬಿಗಿತ ಎಲ್ಲಕ್ಕೂ ಅಂಕ ಹಾಕುತ್ತಾರೆ. ಆಮೇಲೆ ಮಾಮೂಲಿಗಿಂತ ತುಸು ದೊಡ್ಡ ಡೋಸ್ ಕೊಟ್ಟು ಮತ್ತೆ ಅಂಕ. ಶೇ. 30ಕ್ಕಿಂತ ಹೆಚ್ಚು ಸುಧಾರಣೆ ಕಂಡರೆ ಆಪರೇಷನ್ನಿನಿಂದಲೂ ಲಾಭವಿದೆ ಎಂದರ್ಥ. ಜೊತೆಗೆ ನೆನಪಿನ ಶಕ್ತಿ, ಖಿನ್ನತೆ ಎರಡನ್ನೂ ಪರೀಕ್ಷಿಸಬೇಕು. ಪಾರ್ಕಿನ್ಸನ್ನಿನಂತೆಯೇ ಕಾಣುವ ಬೇರೆ ಕಾಯಿಲೆಗಳಿವೆ. ಮೊದಲ ವರ್ಷಗಳಲ್ಲೇ ಪದೇ ಪದೇ ಬೀಳುವುದು, ಮಾತ್ರೆ ಹಿಡಿಯದಿರುವುದು ಅವುಗಳ ಗುರುತು. ಅವುಗಳಿಗೆ ಡಿಬಿಎಸ್ ಮಾಡಿದರೆ ಹಣವೂ ಹೋಗುತ್ತದೆ, ಆಸೆಯೂ ಹೋಗುತ್ತದೆ.

ಇನ್ನೊಂದು ಮಾತು. ಮಾತ್ರೆ ಬೇಗ ಇಳಿಯಲು ಊಟವೂ ಕಾರಣವಿರಬಹುದು. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನು ಲೆವೊಡೋಪವನ್ನು ರಕ್ತಕ್ಕೂ ಮೆದುಳಿಗೂ ಸಲೀಸಾಗಿ ಹೋಗಗೊಡುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡಿ, ಕಬ್ಬಿಣಾಂಶದ ಮಾತ್ರೆಯನ್ನು ಅದರ ಜೊತೆಗೆ ಕೊಡಬೇಡಿ. ಎರಡು ವಾರ ಹೀಗೆ ಮಾಡಿ, ಅರ್ಧರ್ಧ ಗಂಟೆಗೆ ‘ಆನ್’ (ಮಾತ್ರೆ ಹಿಡಿದ ಹೊತ್ತು), ‘ಆಫ್’ (ಮಾತ್ರೆ ಇಳಿದು ಮೈ ಬಿಗಿದ ಹೊತ್ತು), ‘ಹೊರಳಾಟ’ ಎಂದು ಬರೆದಿಡಿ. ‘ಆಫ್’ ಇದ್ದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಪ್ರಶ್ನೆ: ಎಚ್ಚರವಿದ್ದಾಗಲೇ ತಲೆ ಕೊರೆಯುತ್ತಾರಂತೆ. ನೋವಾಗುವುದಿಲ್ಲವೇ?
– ಶಿರಸಿಯ ಓದುಗರು

ಉತ್ತರ: ಮೆದುಳಿಗೆ ನೋವಿನ ಅರಿವಿಲ್ಲ. ಚರ್ಮ ಮತ್ತು ಮೂಳೆಯ ಹೊರಪದರಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಸಾಕು. ತಲೆಗೆ ಲೋಹದ ಚೌಕಟ್ಟನ್ನು ನಾಲ್ಕು ಮೊಳೆಗಳಿಂದ ಬಿಗಿದು ಸಿಟಿ ಸ್ಕ್ಯಾನ್ ಮಾಡುತ್ತಾರೆ, ಅದನ್ನು ಮೊದಲೇ ತೆಗೆದ ಎಂಆರ್‌ಐ ಮೇಲೆ ಕೂರಿಸಿ ಗುರಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸುತ್ತಾರೆ. ಗುರಿ ಎಂದರೆ ಹೆಚ್ಚಾಗಿ, ಚಲನೆಯನ್ನು ನಿಯಂತ್ರಿಸುವ ನರಕೋಶಗಳ ಗುಂಪಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಹೆಚ್ಚುಕಡಿಮೆ ಒಂದು ಅಲಸಂದೆ ಕಾಳಿನಷ್ಟು ಜಾಗ. ಸುಮಾರು 14 ಮಿ.ಮೀ. ರಂಧ್ರದ ಮೂಲಕ 1.3 ಮಿ.ಮೀ. ದಪ್ಪದ ತಂತಿ ಅಲ್ಲಿಗೆ ಇಳಿಯಬೇಕು.

ಇಲ್ಲೇ ಎಚ್ಚರದ ಅಗತ್ಯ ಬರುವುದು. ಕೂದಲಿಗಿಂತ ತೆಳುವಾದ ತುದಿಯ ಎಲೆಕ್ಟ್ರೋಡ್ ಕೆಳಗಿಳಿಯುತ್ತಿದ್ದಂತೆ ನರಕೋಶಗಳ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಸುಮ್ಮನಿದ್ದದ್ದು ಗುರಿ ಮುಟ್ಟಿದ ಕೂಡಲೇ ಚಟಪಟ ಎಂದು ಜೋರಾಗುತ್ತದೆ. ಸ್ವಲ್ಪ ವಿದ್ಯುತ್ ಹಾಯಿಸಿ ಮಣಿಕಟ್ಟು ಸಡಿಲವಾಯಿತೇ ನೋಡುತ್ತಾರೆ, ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಹೇಳುತ್ತಾರೆ. ಮಾತು ತೊದಲಿದರೆ, ಬಾಯಿಯ ಒಂದು ಬದಿ ಎಳೆದರೆ ತಂತಿ ಹೊರಬದಿಗೆ ಸರಿದು ಪಕ್ಕದ ನರಪಟ್ಟಿಗೆ ವಿದ್ಯುತ್ ಸೋರುತ್ತಿದೆ ಎಂದು ತಿಳಿಯುತ್ತದೆ, ಅಲ್ಲೇ ಸರಿಪಡಿಸುತ್ತಾರೆ. 2017ರಲ್ಲಿ ಬೆಂಗಳೂರಿನಲ್ಲಿ ಗಿಟಾರ್ ವಾದಕರೊಬ್ಬರು ಆಪರೇಷನ್ ಟೇಬಲ್ಲಿನ ಮೇಲೆ ಗಿಟಾರ್ ನುಡಿಸಿದ್ದೂ ಇದೇ ಕಾರಣಕ್ಕೆ. ನುಡಿಸುವಾಗ ಮಾತ್ರ ಬೆರಳು ಸೆಟೆದುಕೊಳ್ಳುವ ಡಿಸ್ಟೋನಿಯ ಅವರದು. ಅಲ್ಲಿ ತಂತಿ ಬಿಡದೆ, ಆ ತೊಂದರೆಗೆ ಕಾರಣವಾದ ಮೆದುಳಿನ ಚುಕ್ಕೆಯನ್ನೇ ಸುಟ್ಟರು. ತಂತಿ ಇಡಿಸಿಕೊಳ್ಳುವವರ ವಿಷಯದಲ್ಲಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವ ಕೊನೆಯ ಭಾಗಕ್ಕೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಈಗ ಕೆಲವು ಕಡೆ ಇಡೀ ಆಪರೇಷನ್ನನ್ನೇ ಅರಿವಳಿಕೆಯಲ್ಲಿ ಮಾಡುವುದೂ ಇದೆ.

ಅಪಾಯ ಇಲ್ಲವೆನ್ನಲಾಗದು. ನೂರರಲ್ಲಿ ಒಬ್ಬಿಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ, ಮೂರರಿಂದ ಐದು ಮಂದಿಗೆ ಸೋಂಕು ಆಗುತ್ತದೆ. ಸೋಂಕು ಹೆಚ್ಚಾಗಿ ಬ್ಯಾಟರಿಯ ಸುತ್ತ. ಬಲಿತರೆ ಸಾಧನವನ್ನೇ ತೆಗೆಯಬೇಕಾಗುತ್ತದೆ. ಬಿಪಿ ಹತೋಟಿಯಲ್ಲಿರಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂಬುದನ್ನು ಹೃದಯದ ಡಾಕ್ಟರನ್ನೂ ಕೇಳಿ ತೀರ್ಮಾನಿಸುತ್ತಾರೆ.

ಪ್ರಶ್ನೆ: ಅಮ್ಮನಿಗೆ ಆಪರೇಷನ್ ಆಗಿ ಒಂದು ವಾರ ನಡುಕವೇ ಇರಲಿಲ್ಲ. ಯಂತ್ರ ಇನ್ನೂ ಆನ್ ಮಾಡಿಲ್ಲ. ಈಗ ನಡುಕ ವಾಪಸ್ ಬಂದಿದೆ. ಕೆಟ್ಟುಹೋಯಿತೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಗಾಬರಿ ಬೇಡ, ಇದು ಒಳ್ಳೆಯ ಸೂಚನೆಯೇ. ತಂತಿ ಇಳಿದಾಗ ಆ ಜಾಗಕ್ಕಾದ ಸಣ್ಣ ಪೆಟ್ಟು, ಊತ ಕೆಲವು ದಿನ ನಡುಕವನ್ನು ಅಡಗಿಸುತ್ತದೆ. ಊತ ಇಳಿದಂತೆ ನಡುಕ ಮರಳುತ್ತದೆ. ತಂತಿ ಸರಿಯಾದ ಜಾಗದ ಹತ್ತಿರ ಇದೆ ಎಂಬುದಕ್ಕೆ ಇದು ಸಾಕ್ಷಿ.

ನಿಜವಾದ ಕೆಲಸ ಶುರುವಾಗುವುದು ಎರಡು ನಾಲ್ಕು ವಾರದ ನಂತರ, ಪ್ರೋಗ್ರಾಮಿಂಗ್‌ನಲ್ಲಿ. ತಂತಿಯ ತುದಿಯಲ್ಲಿ ಕಡೇಪಕ್ಷ ನಾಲ್ಕು ಸಂಪರ್ಕ ಬಿಂದುಗಳಿರುತ್ತವೆ. ಒಂದೊಂದನ್ನೇ ಆನ್ ಮಾಡಿ, ಸೆಕೆಂಡಿಗೆ 130 ಬಾರಿ ಮಿಡಿಯುವ ವಿದ್ಯುತ್ತನ್ನು ಹಂತಹಂತವಾಗಿ ಏರಿಸಿ, ಯಾವುದರಲ್ಲಿ ಲಾಭ ಮೊದಲು ಬಂದು ತೊಂದರೆ ತಡವಾಗಿ ಬರುತ್ತದೋ ಅದನ್ನು ಆರಿಸುತ್ತಾರೆ. ಬಿಗಿತ ನಿಮಿಷಗಳಲ್ಲಿ ಸಡಿಲವಾಗುತ್ತದೆ, ನಡಿಗೆಗೆ ಹೆಚ್ಚು ಕಾಲ ಬೇಕು. ಪೂರ್ತಿ ಹೊಂದಿಕೆಗೆ ಮೂರರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ. ಎಷ್ಟೋ ಕುಟುಂಬಗಳು ಎರಡನೇ ಭೇಟಿಗೇ ಕೈಚೆಲ್ಲುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೋಗ್ರಾಮಿಂಗ್‌ಗೆ ಪದೇ ಪದೇ ಹೋಗಿಬರಲು ಆಗುವಂಥ ಆಸ್ಪತ್ರೆಯನ್ನೇ ಮೊದಲಿಗೆ ಆರಿಸಿಕೊಳ್ಳಬೇಕು ಎನ್ನುವುದೂ ಇದಕ್ಕೇ.

ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಜ್ವರ, ವಿಪರೀತ ಬಿಗಿತ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮುಂದೆ ಬ್ಯಾಟರಿ ಥಟ್ಟನೆ ಮುಗಿದರೂ ಇದೇ ಅಪಾಯ. ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಪ್ರತಿ ಭೇಟಿಯಲ್ಲೂ ಎಷ್ಟು ಉಳಿದಿದೆ ಎಂದು ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ನನಗೆ 70. ಲೋಟ ಹಿಡಿದರೆ ಕಾಫಿ ಚೆಲ್ಲುತ್ತದೆ, ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಪಾರ್ಕಿನ್ಸನ್ ಅಲ್ಲವಂತೆ. ಶಬ್ದದ ಅಲೆಯಿಂದ ವಾಸಿ ಮಾಡುತ್ತಾರೆ ಎಂದು ಓದಿದೆ.
– ಮೈಸೂರಿನ ಓದುಗರು

ಉತ್ತರ: ಕೈ ಕೆಲಸಕ್ಕೆ ಇಳಿದಾಗ ಮಾತ್ರ ಬರುವ ಈ ನಡುಕ ಎಸೆನ್ಶಿಯಲ್ ಟ್ರೆಮರ್ ಇರಬೇಕು. ಮೊದಲು ಪ್ರೊಪ್ರನಲಾಲ್ ಅಥವಾ ಪ್ರಿಮಿಡೋನ್ ಮಾತ್ರೆ ನೋಡಬೇಕು. ಅಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಆಗದು. ಇವು ಸಾಲದಿದ್ದಾಗ ಶಬ್ದದ ಅಲೆಯ ಮಾತು. ತಲೆ ಪೂರ್ತಿ ಬೋಳಿಸಿ, ತಣ್ಣೀರು ಹರಿಯುವ ಟೊಪ್ಪಿಗೆ ಹಾಕಿ, ಎಂಆರ್‌ಐ ಯಂತ್ರದೊಳಗೆ 1024 ಮೂಲಗಳಿಂದ ಅಲ್ಟ್ರಾಸೌಂಡನ್ನು ಮೆದುಳಿನ ಆಳದಲ್ಲಿರುವ ಥಲಾಮಸ್ಸಿನ ಒಂದೇ ಚುಕ್ಕೆಗೆ ಕೇಂದ್ರೀಕರಿಸುತ್ತಾರೆ. ಅಲ್ಲಿ ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್ ತನಕ ಬಿಸಿಯೇರಿ ಆ ಚುಕ್ಕೆ ಸುಡುತ್ತದೆ. ನಡುನಡುವೆ ನಿಮ್ಮಿಂದ ಸುರುಳಿ ಬರೆಸುತ್ತಾರೆ. ಮುಳ್ಳುಮುಳ್ಳಾಗಿದ್ದ ಗೆರೆ ನುಣುಪಾಗುವುದು ಕಣ್ಣೆದುರೇ ಕಾಣುತ್ತದೆ. ತಲೆಬುರುಡೆಯ ಮೂಳೆ ಅಲೆಯನ್ನು ಒಳಬಿಡುವಂತಿರಬೇಕು. ಅದನ್ನು ಸಿಟಿಯಲ್ಲಿ ಅಳೆದೇ ಮುಂದುವರಿಯುತ್ತಾರೆ. ಕೊಯ್ತವಿಲ್ಲ, ಬ್ಯಾಟರಿಯಿಲ್ಲ. ಆದರೆ ಸುಟ್ಟದ್ದು ಸುಟ್ಟಿದ್ದೇ. ತುಟಿಯ ಸುತ್ತ ಜೋಮು, ನಡಿಗೆಯ ಓಲಾಟ ಕೆಲವರಲ್ಲಿ ಉಳಿದುಬಿಡುತ್ತದೆ, ವರ್ಷಗಳು ಕಳೆದಂತೆ ಸ್ವಲ್ಪ ನಡುಕ ಮರಳುವುದೂ ಉಂಟು. ಬರೆಯುವ ಕೈಯೊಂದಕ್ಕೆ ಬೇಕಿದ್ದರೆ ಇದು ಒಳ್ಳೆಯ ದಾರಿ. ಎರಡೂ ಕೈ ಒಂದೇ ಸಮ ನಡುಗುತ್ತಿದ್ದರೆ, ಬೇಕೆಂದಾಗ ಏರಿಸಿ ಇಳಿಸಬಹುದಾದ ಡಿಬಿಎಸ್ ಮೇಲು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಬಿದ್ ಸುಡುವ ಬದಲು ವಿದ್ಯುತ್ ಹಾಯಿಸುವ ದಾರಿ ಹಿಡಿದದ್ದು ಇಂಥ ರೋಗಿಗಳಿಗಾಗಿಯೇ.

ಪ್ರಶ್ನೆ: ಡಿಬಿಎಸ್ ಇದ್ದವರು ಮೊಬೈಲ್ ಬಳಸಬಹುದೇ, ವಿಮಾನದಲ್ಲಿ ಹೋಗಬಹುದೇ?
– ದುಬೈಯಿಂದ ಓದುಗರು

ಉತ್ತರ: ಎರಡೂ ಆಗಬಹುದು. ವಿಮಾನ ನಿಲ್ದಾಣದಲ್ಲಿ ಸಾಧನದ ಕಾರ್ಡ್ ತೋರಿಸಿ ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳಿ. ಎಂಆರ್‌ಐ ಮಾಡಿಸುವ ಮೊದಲು ಸಾಧನದ ಮಾದರಿಯನ್ನು ತಿಳಿಸಲೇಬೇಕು. ಭುಜ ನೋವೆಂದು ಫಿಸಿಯೊಥೆರಪಿಗೆ ಹೋದಾಗ ಡಯಾಥರ್ಮಿ ಶಾಖವನ್ನು (ಯಂತ್ರದ ಅಲೆಗಳಿಂದ ಮೈಯೊಳಗೆ ಹುಟ್ಟಿಸುವ ಬಿಸಿ) ಮೈಯ ಯಾವ ಭಾಗಕ್ಕೂ ಕೊಡಗೊಡಬೇಡಿ. ಅದರ ಶಕ್ತಿ ತಂತಿಯುದ್ದಕ್ಕೂ ಹರಿದು ತುದಿಯಲ್ಲಿ ಮೆದುಳನ್ನು ಸುಡುತ್ತದೆ. ಯಂತ್ರ ಆಫ್ ಇದ್ದರೂ ಸುಡುತ್ತದೆ.