ರಾಡಾರಿನಲ್ಲಿ ಕೆಂಪಗಿದ್ದ ಗುಡುಗುಮೋಡ ಕ್ಲಿಂಟನ್ ಊರಿಗೆ ಬರುವಷ್ಟರಲ್ಲಿ ಕರಗಿದ್ದೇಕೆ?

ಸರ್, ಗುಡುಗುಮೋಡವನ್ನು ಬೆನ್ನಟ್ಟಿ ಹೋದ ನೀವು, ಅದು ದಾರಿಯಲ್ಲೇ ಕರಗಿದ್ದೇಕೆ ಎಂದು ಕೇಳಿ ಹಾಕಿದ ನಾಲ್ಕು ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಡಲ್ಲಾಸಿನಿಂದ ಅಷ್ಟು ದೂರ ಹೋಗಿ, ಟೆಕ್ಸಸ್ ರಾಜ್ಯದ ಶ್ಯಾಮ್‌ರಾಕ್ ಬಳಿ ಅಂಥ ಮೋಡ ಏಳುವುದನ್ನು ಕಣ್ಣಾರೆ ಕಂಡು, ಐ-40 ಹೆದ್ದಾರಿಯಲ್ಲಿ ಅದಕ್ಕಿಂತ ಮೊದಲೇ ಒಕ್ಲಹೋಮ ರಾಜ್ಯದ ಕ್ಲಿಂಟನ್ ತಲುಪಿ ಕಾದು ನಿಂತಾಗ ಬರೀ ಬೂದುಬಣ್ಣದ ಪರದೆ ಬಂದರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದುದರಲ್ಲೇ ಇದೆ. ಶ್ಯಾಮ್‌ರಾಕ್‌ನಲ್ಲಿ ಕಾರಿನ ಥರ್ಮಾಮೀಟರ್ 86 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಕ್ಲಿಂಟನ್‌ನಲ್ಲಿ 70. ಅಲ್ಲಿ ಬೆಳಿಗ್ಗೆಯೇ ಮಳೆಯಾಗಿ ರಸ್ತೆಯ ಪಕ್ಕ ಇನ್ನೂ ನೀರು ನಿಂತಿತ್ತು ಎಂದೂ ಬರೆದಿದ್ದೀರಿ.

ಗುಡುಗುಮೋಡಕ್ಕೆ ಆಹಾರ ನೆಲಮಟ್ಟದ ಬಿಸಿಯಾದ, ತೇವ ತುಂಬಿದ ಗಾಳಿ. ಅದು ಹಗುರವಾಗಿದ್ದಷ್ಟು ಹೊತ್ತು ತಾನಾಗಿ ಮೇಲೇರಿ ಮೋಡವನ್ನು ಬೆಳೆಸುತ್ತದೆ. ಬೆಳಗಿನ ಮಳೆ ಕ್ಲಿಂಟನ್ ಸುತ್ತ ತಣ್ಣನೆಯ, ಭಾರವಾದ ಗಾಳಿಯ ಪದರವನ್ನು ಬಿಟ್ಟು ಹೋಗಿತ್ತು. ನಿಮ್ಮ ಮೋಡ ಪೂರ್ವಕ್ಕೆ ಸಾಗುತ್ತಾ ಆ ಪದರದ ಮೇಲೆ ಕಾಲಿಟ್ಟಿತು. ಅಲ್ಲಿಂದ ಮುಂದೆ ಅದಕ್ಕೆ ಸಿಕ್ಕಿದ್ದು ಮೇಲೇಳಲು ಒಲ್ಲದ ಗಾಳಿ. ಜೊತೆಗೆ ಅದರದೇ ಮಳೆಯ ತಂಪುಗಾಳಿ ಮುಂದಕ್ಕೆ ನುಗ್ಗಿ, ಉಳಿದಿದ್ದ ಅಲ್ಪಸ್ವಲ್ಪ ಬಿಸಿಗಾಳಿಯ ದಾರಿಯನ್ನೂ ಕಡಿದಿರಬೇಕು.

ನಿಮ್ಮ ಫೋಟೊಗಳಲ್ಲೇ ಇದು ಕಾಣುತ್ತದೆ. ಮೊದಲನೆಯದರಲ್ಲಿ ಮೋಡದ ತಳ ಸಪಾಟಾಗಿ, ಕಪ್ಪಗೆ, ಗೆರೆ ಎಳೆದಂತೆ ಇದೆ. ಮೇಲಿನ ಗೋಪುರದ ಅಂಚು ಹೂಕೋಸಿನಂತೆ ಗಟ್ಟಿಯಾಗಿ, ಚೂಪಾಗಿ ಕಾಣುತ್ತದೆ. ಮೂರನೆಯದಕ್ಕೆ ಬನ್ನಿ: ತಳ ಹರಿದು ಚಿಂದಿಯಾಗಿದೆ, ಗೋಪುರದ ಅಂಚು ಮಸುಕಾಗಿದೆ, ಸೊಂಟ ಸಣ್ಣದಾಗಿ ಹಿಂದಿನ ಆಕಾಶ ಇಣುಕುತ್ತಿದೆ. ಅಷ್ಟು ಹೊತ್ತಿಗೆ ಮೇಲ್ಮುಖ ಗಾಳಿ ನಿಂತಿತ್ತು. ನಾಲ್ಕನೆಯದರಲ್ಲಿ ಉಳಿದಿರುವುದು ಕಮ್ಮಾರನ ಅಡೆಗಲ್ಲಿನಾಕಾರದ ಹಿಮದ ತಲೆ ಮಾತ್ರ. ಮೂರನೆಯ ಫೋಟೊದ ಹೊತ್ತಿಗೇ ನೀವು ಬೇರೆ ಮೋಡ ಹುಡುಕಬಹುದಿತ್ತು.

ನಿಮ್ಮ ಪ್ರಶ್ನೆಗೆ ಇಲ್ಲಿ ಮೊದಲೇ ಒಬ್ಬರು ‘ಕ್ಯಾಪ್ ಕೊಂದಿತು’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ್ದಾರೆ. ಮೆಕ್ಸಿಕೊದ ಪ್ರಸ್ಥಭೂಮಿಯಿಂದ ಬಂದು ತೇವದ ಗಾಳಿಯ ಮೇಲೆ ಕೂರುವ ಬಿಸಿ, ಒಣ ಪದರವನ್ನು ಅಮೆರಿಕದ ಈ ಬಯಲಿನಲ್ಲಿ ಕ್ಯಾಪ್ ಎನ್ನುತ್ತಾರೆ. ಅದು ಅನೇಕ ದಿನ ಮೋಡ ಹುಟ್ಟಲೇ ಬಿಡುವುದಿಲ್ಲ, ನಿಜ. ಸಂಜೆ ನೆಲ ತಣಿದ ಮೇಲೆ ಹುಟ್ಟಿದ ಮೋಡವನ್ನೂ ಅದು ಉಸಿರುಗಟ್ಟಿಸಬಹುದು. ಆದರೆ ನೀವು ಹೇಳುತ್ತಿರುವುದು ಮೇ ಕೊನೆಯ ವಾರದ ಏಳು ಗಂಟೆ. ಸೂರ್ಯ ಮುಳುಗಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಹೊತ್ತಿತ್ತು. ಕೆಳಗಿನ ಗಾಳಿ ತಣ್ಣಗಿದ್ದುದರಿಂದಲೇ ಆ ಪದರವನ್ನು ಭೇದಿಸಲು ಆಗಲಿಲ್ಲ. ಮೇಲಿನ ಪದರವನ್ನಷ್ಟೇ ದೂರಿದರೆ ಮುಂದಿನ ಸಲವೂ ತಪ್ಪು ಊರಿನಲ್ಲಿ ನಿಲ್ಲುತ್ತೀರಿ.

ರಾಡಾರ್ ಯಾಕೆ ಕೆಂಪು ತೋರಿಸುತ್ತಲೇ ಇತ್ತು ಎಂದು ಕೇಳಿದ್ದೀರಿ. ರಾಡಾರ್ ತೋರಿಸುವುದು ಮಳೆಹನಿ, ಆಲಿಕಲ್ಲುಗಳನ್ನು. ಅವು ಏರುತ್ತಿವೆಯೋ ಬೀಳುತ್ತಿವೆಯೋ ಎಂಬುದು ಆ ಬಣ್ಣದಲ್ಲಿ ಗೊತ್ತಾಗುವುದಿಲ್ಲ. ಮೇಲಾಗಿ 100 ಕಿಲೋಮೀಟರ್ ದೂರದಲ್ಲಿ ಅದರ ಅತಿ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ, ಅದರ ಕೆಳಗಿನದು ಕಾಣುವುದಿಲ್ಲ. ಮೋಡದ ತುದಿಯ ಎತ್ತರ ತೋರಿಸುವ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡು ಮೂರು ಚಿತ್ರಗಳಲ್ಲಿ ಸತತವಾಗಿ ತುದಿ ಕುಸಿದರೆ ಒಳಗಿದ್ದ ಸರಕೆಲ್ಲ ಇಳಿಯುತ್ತಿದೆ ಎಂದರ್ಥ. ಆಗ ಕೆಳಗೆ ಹೋಗಿ ನಿಲ್ಲಬೇಡಿ. ಕುಸಿಯುವ ಮೋಡದಿಂದ ಬಿರುಗಾಳಿ ನೆಲಕ್ಕೆ ಅಪ್ಪಳಿಸಬಹುದು, ಸಿಡಿಲು ಆ ತಲೆಯಿಂದಲೂ ಇಳಿಯುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಕಾರಿನಿಂದ ಇಳಿಯಬೇಡಿ.

ಮುಂದಿನ ಸಲ ಹೊರಡುವಾಗ ಮೊದಲು ಒಕ್ಲಹೋಮ ಮೆಸೊನೆಟ್ ಎಂಬ ಹವಾಮಾನ ಕೇಂದ್ರಗಳ ಜಾಲದ ಪುಟ ತೆರೆಯಿರಿ. ರಾಜ್ಯದ 77 ಕೌಂಟಿಗಳಲ್ಲೂ ಅದರ ಕೇಂದ್ರಗಳಿವೆ, ಐದು ನಿಮಿಷಕ್ಕೊಮ್ಮೆ ಉಷ್ಣಾಂಶ, ಇಬ್ಬನಿ ಬಿಂದು (ಗಾಳಿಯಲ್ಲಿ ತೇವ ಎಷ್ಟಿದೆ ಎಂದು ತೋರಿಸುವ ಅಳತೆ), ಗಾಳಿಯ ದಿಕ್ಕು ಸಿಗುತ್ತವೆ. ಮೋಡ ಹೋಗಲಿರುವ ದಾರಿಯಲ್ಲಿ ಉಷ್ಣಾಂಶ ಥಟ್ಟನೆ ಇಳಿದು, ಗಾಳಿ ದಕ್ಷಿಣದಿಂದ ಪೂರ್ವಕ್ಕೋ ಈಶಾನ್ಯಕ್ಕೋ ತಿರುಗಿದ್ದರೆ ಅಲ್ಲೇ ಬಿಸಿಗಾಳಿ, ತಣ್ಣನೆಯ ಗಾಳಿಗಳ ನಡುವಿನ ಗಡಿರೇಖೆ ಇದೆ. ಆ ರೇಖೆಯ ಬೆಚ್ಚಗಿನ ಬದಿಯಲ್ಲೇ ಇರಿ. ಆದರೆ ರೇಖೆಯಿಂದ ತೀರ ದೂರ ಹೋಗಲೂಬೇಡಿ: ಸುಂಟರಗಾಳಿ ಕುರಿತ 1995ರ ವೋರ್ಟೆಕ್ಸ್ ಅಧ್ಯಯನದಲ್ಲಿ ದೊಡ್ಡ ಸುಂಟರಗಾಳಿಗಳಲ್ಲಿ ಹೆಚ್ಚಿನವು ಇಂಥ ಗಡಿಗಳ ಹತ್ತಿರವೇ ಕಂಡುಬಂದಿದ್ದವು. ಅದೇ ರೇಖೆಯ ಗುಂಟ ಸಾಗುವ ಮೋಡ ಬುಗುರಿಯಂತೆ ತಿರುಗಲು ಶುರುಮಾಡಬಹುದು, ದಾಟಿ ತಣ್ಣನೆಯ ಕಡೆಗೆ ಹೋದದ್ದು ಸಾಯಬಹುದು. ಮೋಡಗಳ ಸಾಲಿದ್ದರೆ ದಕ್ಷಿಣದ ತುದಿಯದನ್ನು ಆರಿಸಿಕೊಳ್ಳಿ. ಅದರ ಗಾಳಿಯನ್ನು ಕಸಿಯಲು ಆಚೆ ಇನ್ನೊಂದು ಮೋಡ ಇರುವುದಿಲ್ಲ.

ಹಿರಿಯೂರಿನಿಂದ ಬರೆದ ಅಣ್ಣನವರಿಗೆ: ಭರಣಿ ಮಳೆಯ ಹೊತ್ತಿನಲ್ಲಿ ಪಡುವಣದಲ್ಲಿ ಗುಡುಗಿದ ಮೋಡ ನಿಮ್ಮ ಹೊಲಕ್ಕೆ ಬರೀ ಧೂಳುಗಾಳಿ ಕೊಟ್ಟು ಹೋಗುತ್ತದೆ ಎಂದಿರಿ. ಅಲ್ಲಿನ ಕಾರಣ ಸ್ವಲ್ಪ ಬೇರೆ. ಅಮೆರಿಕದ ಬಯಲಿನಲ್ಲಿ ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಬಹಳ ಬದಲಾಗುವುದರಿಂದ ಮಳೆ ಒಂದು ಕಡೆ ಬಿದ್ದು, ಮೇಲೇರುವ ಗಾಳಿ ಇನ್ನೊಂದು ಕಡೆ ಉಳಿಯುತ್ತದೆ. ಮೋಡ ಗಂಟೆಗಟ್ಟಲೆ ಬದುಕುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಆ ಬದಲಾವಣೆ ಸಾಮಾನ್ಯವಾಗಿ ಕಡಿಮೆ. ಮಳೆ ತನ್ನದೇ ಮೇಲ್ಮುಖ ಗಾಳಿಯ ಮೇಲೆ ಬಿದ್ದು ಅದನ್ನು ಅಡಗಿಸುತ್ತದೆ. 1946-47ರಲ್ಲಿ ಅಮೆರಿಕದವರು ಫ್ಲಾರಿಡಾ, ಒಹಾಯೊಗಳಲ್ಲಿ ಗುಡುಗುಮೋಡಗಳೊಳಗೆ ವಿಮಾನ ಹಾರಿಸಿ ಅಳೆದದ್ದು ಇಂಥ ಮೋಡಗಳನ್ನೇ: ಹುಟ್ಟು, ಹರೆಯ, ಅಳಿವು ಎಲ್ಲ ಸುಮಾರು ಒಂದು ಗಂಟೆಯೊಳಗೆ. ನಿಮ್ಮ ಒಣ ಸೀಮೆಯಲ್ಲಿ ಮೋಡದ ತಳ ಎತ್ತರದಲ್ಲಿರುವುದರಿಂದ ಹನಿಗಳು ದಾರಿಯಲ್ಲೇ ಆರಿ, ಗಾಳಿಯನ್ನು ಇನ್ನಷ್ಟು ತಣಿಸುತ್ತವೆ. ನಿಮಗೆ ಬಂದ ಧೂಳುಗಾಳಿ ಅದೇ.

ಆದ್ದರಿಂದ ತಂಪುಗಾಳಿ ಬೀಸಿತೆಂದು ಮಳೆ ಖಚಿತ ಎಂದುಕೊಳ್ಳಬೇಡಿ, ಆ ಮೋಡ ಸತ್ತಿತೆಂದು ನಿಶ್ಚಿಂತರಾಗಲೂಬೇಡಿ. ಆ ಗಾಳಿಯ ಮುಂಚೂಣಿಯಲ್ಲೇ ಹೊಸ ಮೋಡ ಏಳಬಹುದು. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್‌ನಲ್ಲಿ ಹೊಸ ಸಿಡಿಲು, ಹಳೆಯ ಸಿಡಿಲು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ಹೊಸ ಚುಕ್ಕೆಗಳು ಕಡಿಮೆಯಾಗುತ್ತಿದ್ದರೆ ಆ ಮೋಡ ಸೋತಿದೆ. ನಿಮ್ಮ ಕಡೆಗೆ ಹೊಸ ಚುಕ್ಕೆಗಳು ಮೂಡುತ್ತಿದ್ದರೆ ಔಷಧಿ ಹೊಡೆಯುವುದನ್ನು ನಾಳೆಗೆ ಬಿಟ್ಟು, ಮರದ ಕೆಳಗೆ ನಿಲ್ಲದೆ ಮನೆ ಸೇರಿ.